ಹಲ್ಲಿನಮ್ಮ ಚೀನೀ ಕಲಿಯಲು ಊರು ಆರಿಸಿದ್ದು

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ಹಲ್ಲಿನಮ್ಮ ಎಂದೇ ಕರೆಯುತ್ತಿದ್ದರು. ಅವಳದು ಉಬ್ಬುಹಲ್ಲು ಅಂತಲ್ಲ, ಅವಳು ಹಲ್ಲು ಮಾಡುತ್ತಿದ್ದಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಕಟ್ಟುಹಲ್ಲು ತಯಾರಿಸಿಕೊಡುವ ವರ್ಕ್‌ಶಾಪ್ ನಮ್ಮ ಬೀದಿಯ ಕೊನೆಯಲ್ಲಿ, ಬೀಗದ ಅಂಗಡಿಯ ಮಹಡಿಯ ಮೇಲಿತ್ತು. ಮದುವೆಗೆ ಮುಂಚಿನಿಂದಲೂ ಅವಳಿಗೆ ಅಲ್ಲೇ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೆ ಪ್ಲಾಸ್ಟರ್ ಪುಡಿ ಕೂತಿರುತ್ತಿತ್ತು. ಮುಖ ತೊಳೆಯುವ ಮೊದಲೇ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಬಂದು ನಿಂತು, “ಅಕ್ಕ, ಇವತ್ತು ಒಬ್ಬ ಪೊಲೀಸಿನೋನಿಗೆ ನಗು ಮಾಡಿಕೊಟ್ಟೆ” ಅನ್ನುವಳು. ನಾನು ಶಾಲೆಯ ಚೀಲ ಹೊಲಿಯುತ್ತಿದ್ದೆ. ಮಿಷನ್ ನಿಲ್ಲಿಸದೆ, “ನಗ್ತಾನಾ ನೋಡು” ಅನ್ನುವೆ.

ಹೊಸಬರು ಯಾರೇ ಬರಲಿ, ಅವಳು ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಮಾತಿನಲ್ಲಿ ಸುಳ್ಳಿದೆಯೋ ನಿಜವಿದೆಯೋ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಬಲಗಡೆಯ ದವಡೆಯಲ್ಲಿ ಎರಡು ಹಲ್ಲು ಇಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹಲ್ಲುಗಳನ್ನು ಮೊದಲು ಮೇಣದಲ್ಲಿ ಜೋಡಿಸಿ, ಆ ಮೇಣದ ಸೆಟ್ಟನ್ನು ಬಾಯಿಗಿಟ್ಟು, ಆ ಮನುಷ್ಯನನ್ನು ಮಾತಾಡಿಸಿ ನೋಡಬೇಕು. ಗಾಳಿ ಸೋರಿದರೆ, ಸೀಟಿ ಹೊಡೆದಂತಾದರೆ ಮೇಣ ಕೆರೆದು ಸರಿಮಾಡಬಹುದು. ಗಟ್ಟಿ ಎರಕ ಹೊಯ್ದ ಮೇಲೆ ಏನೂ ಮಾಡಲಾಗದು. “ಮಾತಾಡಿಸದೆ ಎರಕ ಹೊಯ್ಯೋನು ಹಲ್ಲು ಮಾಡೋನಲ್ಲ, ಬೇಲಿ ಗೂಟ ಮಾಡೋನು” ಎಂದು ವರ್ಕ್‌ಶಾಪಿನ ಧಣಿ ಹೇಳುತ್ತಿದ್ದರಂತೆ. ಇವಳೂ ಅದನ್ನೇ ಹೇಳುತ್ತಿದ್ದಳು, ಹಲ್ಲಿಗೆ ಮಾತ್ರವಲ್ಲ, ಎಲ್ಲದಕ್ಕೂ.

ಚೀನೀ ಭಾಷೆ ಅವಳಿಗೆ ಅಂಟಿಕೊಂಡದ್ದೂ ಹಲ್ಲಿನಿಂದಲೇ. ಧಣಿ ಪಿಂಗಾಣಿ ಹಲ್ಲು ಸುಡುವ ಒಂದು ಪುಟ್ಟ ಒಲೆ ತರಿಸಿದರು, ಚೀನಾದ್ದು. ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಬಂದಿತ್ತು. ಜೊತೆಗೊಂದು ಕೈಪುಸ್ತಕ, ಪೂರ್ತಿ ಅವರ ಲಿಪಿಯಲ್ಲಿ. ಧಣಿ ಅದನ್ನು ತಲೆಕೆಳಗು ಹಿಡಿದು ನೋಡಿ, ಸುಮ್ಮನೆ ಪಕ್ಕಕ್ಕಿಟ್ಟು, ಅಂದಾಜಿನ ಮೇಲೆ ಒಲೆ ಹೊತ್ತಿಸಿದರು. ಒಳಗಿಟ್ಟ ಹಲ್ಲೆಲ್ಲ ಬಿರುಕು ಬಿಟ್ಟವು. ಮತ್ತೆ ಇಟ್ಟರು, ಮತ್ತೆ ಬಿರುಕು. ಇವಳು ಆ ಪುಸ್ತಕವನ್ನು ಮನೆಗೆ ತಂದಳು. ಹಳೆ ಪುಸ್ತಕದ ಅಂಗಡಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ನಿಘಂಟು ಸಿಕ್ಕಿತು. ಒಂದೊಂದು ಅಕ್ಷರದ ಗೆರೆ ಎಣಿಸಿ ಹುಡುಕುವಳು. ನಲವತ್ತು ದಿನ ಹಿಡಿಯಿತು. ಆರನೇ ಪುಟದಲ್ಲಿ ಇದ್ದದ್ದು ಇಷ್ಟೇ: ಮೊದಲ ಹತ್ತು ನಿಮಿಷ ಮುಚ್ಚಳ ಒಂದು ಬೆರಳಿನಷ್ಟು ತೆರೆದಿರಲಿ, ಒಳಗಿನ ತೇವ ಹೋಗಲಿ. ಮಾರನೆಯ ದಿನ ಮುಚ್ಚಳ ತೆರೆದಿಟ್ಟು ಸುಟ್ಟರು. ಹಲ್ಲು ಮುತ್ತಿನ ಹಾಗೆ ಬಂದವು.

ಆವತ್ತು ಮನೆಗೆ ಬಂದಾಗ ಅವಳ ಮುಖ ನೋಡಬೇಕಿತ್ತು. ನಾನು ನಾಲ್ಕನೇ ಕ್ಲಾಸು ಓದಿದವಳು, ಓದಿನಲ್ಲಿ ಹಾಗೊಂದು ಸುಖ ಇದೆ ಅಂತ ಅವಳನ್ನು ನೋಡಿಯೇ ತಿಳಿದದ್ದು.

ಆಮೇಲೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ನಡೆಯುವ ಸಂಜೆ ತರಗತಿಗೆ ಸೇರಿದಳು. ಏಳು ವರ್ಷ, ವಾರಕ್ಕೆ ಎರಡು ದಿನ. ಉಳಿದ ದಿನ ಅಡುಗೆಮನೆಯಲ್ಲಿ ಕ್ಯಾಸೆಟ್ಟು. ಒಂದೇ ಮಾತನ್ನು ನಾಲ್ಕು ರಾಗದಲ್ಲಿ ಹೇಳುವಳು, ರಾಗ ಬದಲಾದರೆ ಅರ್ಥವೇ ಬೇರೆಯಂತೆ. ನನ್ನ ಮಕ್ಕಳಿಬ್ಬರೂ ಜೊತೆಗೆ ಕೂಗುವರು. ನಮ್ಮ ಅತ್ತೆ ಜಗುಲಿಯಿಂದಲೇ ಕೇಳಿದರು, “ಅಷ್ಟು ಕಷ್ಟಪಟ್ಟು ಕಲಿತು ಯಾರ ಜೊತೆ ಜಗಳ ಆಡ್ಬೇಕು ಅಂತಿದೀಯೇ? ಮನೇಲಿರೋರು ಸಾಲ್ದಾ?”

“ನಿಮ್ಮ ಜೊತೇನೇ ಅತ್ತೆ. ನಿಮಗೆ ಅರ್ಥ ಆಗದ ಭಾಷೇಲಿ ಬೈದ್ರೆ ಇಬ್ಬರಿಗೂ ಕ್ಷೇಮ.”

ಅತ್ತೆ ನಕ್ಕರು. ಇವಳು ತಕ್ಷಣ ಅವರ ಬಾಯಿ ನೋಡಿದಳು, ಮೇಲಿನ ಸೆಟ್ಟು ಸಡಿಲವಾಗಿದೆ, ನಾಳೆ ತಗೊಂಡ್ಹೋಗ್ತೀನಿ ಅಂದಳು.

ಅವಳಿಗೆ ಮೂವತ್ತೊಂಬತ್ತು ನಡೆಯುತ್ತಿದ್ದಾಗ ಸಂಜೆ ತರಗತಿಯ ಮೇಡಂ ಒಂದು ಸುದ್ದಿ ತಂದರು. ಚೀನಾಕ್ಕೆ ಹೋಗಿ ಒಂದು ವರ್ಷ ಭಾಷೆ ಓದಲು ವಿದ್ಯಾರ್ಥಿವೇತನ, ಇರುವುದಕ್ಕೆ ಹಾಸ್ಟೆಲ್ಲು. ನಲವತ್ತು ತುಂಬಿದವರು ಅರ್ಜಿ ಹಾಕುವ ಹಾಗಿಲ್ಲ, ಅಂದರೆ ಇದೇ ಮೊದಲು, ಇದೇ ಕೊನೆ. ಅದೇ ಹೊತ್ತಿಗೆ ಹೊರದೇಶದ ಯಂತ್ರ ತರಿಸಿ ಮಾರುವ ಒಂದು ಕಂಪನಿಯವರು, ಮೇಲಿನ ದರ್ಜೆಯ ಪ್ರಮಾಣಪತ್ರ ತಂದರೆ ದುಭಾಷಿ ಕೆಲಸ ಕೊಡುತ್ತೇವೆ ಅಂದಿದ್ದರು. ಪ್ಲಾಸ್ಟರ್ ಪುಡಿ ಕುಡಿದು ಕುಡಿದು ಅವಳ ಎದೆ ಆಗಲೇ ಸಿಳ್ಳು ಹಾಕುತ್ತಿತ್ತು. ಆ ಬೆಂಚಿನಿಂದ ಏಳುವುದಕ್ಕೆ ಅವಳಿಗಿದ್ದದ್ದು ಆ ಒಂದು ವರ್ಷ. ಮೂರು ವಿಶ್ವವಿದ್ಯಾಲಯಗಳ ಹೆಸರು ಕೊಟ್ಟಿದ್ದರು, ಮೂರು ಊರು. ಒಂದಕ್ಕೆ ಮಾತ್ರ ಗುರುತು ಹಾಕಬೇಕು. ತಪ್ಪು ಊರು ಆರಿಸಿದರೆ ವರ್ಷ ನೀರುಪಾಲು.

ಮೂರು ಬಣ್ಣದ ಕೈಪಿಡಿಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ನಾವೆಲ್ಲ ಸುತ್ತ ಕೂತೆವು, ನೆಲ ಕೊಳ್ಳುವವರ ಹಾಗೆ.

ಮೊದಲನೆಯದು ದೊಡ್ಡ ಊರು, ಎಲ್ಲರೂ ಹೆಸರು ಕೇಳಿರುವಂಥದ್ದು. ನನ್ನ ಮೈದುನ, ಅಂದರೆ ಅವಳ ಗಂಡ, ಬಸ್ ಡಿಪೋದಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದ. ಅವನ ವೋಟು ಅದಕ್ಕೇ. “ಹೆಂಡ್ತಿ ಎಲ್ಲಿದಾಳೆ ಅಂತ ಕೇಳಿದ್ರೆ ಒಂದೇ ಮಾತಲ್ಲಿ ಹೇಳೋ ಹಾಗಿರ್ಬೇಕು. ಇನ್ನೆರಡು ಊರಿನ ಹೆಸರು ಹೇಳಿದ್ರೆ ಯಾವುದೋ ಕಾಯಿಲೆ ಅಂದ್ಕೋತಾರೆ.”

ಎರಡನೆಯದು ಉತ್ತರದ ಊರು. ಐದು ತಿಂಗಳು ಹಿಮ. ಚಿತ್ರದಲ್ಲಿ ನದಿಯೇ ಕಲ್ಲಾಗಿತ್ತು, ಅದರ ಮೇಲೆ ಜನ ಸೈಕಲ್ ಹೊಡೆಯುತ್ತಿದ್ದರು. ಮೇಡಂ ಹೇಳಿದ್ದು ಅದನ್ನೇ: ಅಲ್ಲಿ ಬೀದಿಯಲ್ಲೂ ಕ್ಯಾಸೆಟ್ಟಿನಲ್ಲಿ ಕೇಳಿದ ಭಾಷೆಯನ್ನೇ ಆಡುತ್ತಾರೆ, ಕಣ್ಣುಮುಚ್ಚಿ ಹೋಗಿ.

ಮೂರನೆಯದು ದಕ್ಷಿಣದ ಬಂದರು ಊರು. ಬೆಚ್ಚಗಿನ ಹವೆ, ಇಕ್ಕಟ್ಟಾದ ಗಲ್ಲಿಗಳು, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಹಾಕಿದ ಹಗ್ಗ. ಅತ್ತೆ ಆ ಚಿತ್ರದ ಮೇಲೆ ಬೆರಳಿಟ್ಟು ಬಿಟ್ಟರು. “ಎದೆ ಸಿಳ್ಳು ಹಾಕೋಳು ಐಸಿಗೆ ಹೋಗ್ತಾಳಂತೆ. ಇಲ್ಲಿಗೆ ಹೋಗು, ಬಟ್ಟೆನಾದ್ರೂ ಒಣಗುತ್ತೆ.”

“ದಕ್ಷಿಣದಲ್ಲಿ ಮನೆಮಾತು ಬೇರೆ ಇರಬಹುದು ಅಂತಾರೆ ಮೇಡಂ” ಅಂದಳು ಇವಳು.

“ನೀನೇನು ಅವರ ಮನೆಗೆ ಸೊಸೆಯಾಗಿ ಹೋಗ್ತಿದೀಯಾ?”

ವಾರ ಕಳೆಯಿತು, ಅವಳು ಗುರುತು ಹಾಕಲಿಲ್ಲ. ಒಂದು ದಿನ ಅಕ್ಕಿ ಆರಿಸುತ್ತಾ ಕೂತಿದ್ದವಳು ಎದ್ದು ನಿಂತು, “ಅಕ್ಕ, ನಾನು ಮಾತಾಡಿಸ್ದೆ ಎರಕ ಹೊಯ್ಯೋಕೆ ಹೊರಟಿದೀನಲ್ಲ” ಅಂದಳು. ಅವಳ ಲೆಕ್ಕ ಹೀಗಿತ್ತು. ಪಾಠ ಹೇಳುವವರು ಎಲ್ಲ ಕಡೆಯೂ ಚೆನ್ನಾಗಿಯೇ ಮಾತಾಡುತ್ತಾರೆ, ಅದು ಅವರ ಸಂಬಳದ ಮಾತು. ದಿನಾ ಸಿಗುವವರು ಬಾಗಿಲಲ್ಲಿರುವವರು. ಹಾಸ್ಟೆಲ್ಲಿನ ಬಾಗಿಲಿಗೇ ಫೋನ್ ಮಾಡಿ, ಎತ್ತಿದವರನ್ನು ಮಾತಾಡಿಸಿ ನೋಡಬೇಕು. ಯಾರ ಮಾತು ಕಿವಿಗೆ ಕೂರುತ್ತದೋ ಅದೇ ಊರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪೇಟೆಯ ಫೋನ್ ಅಂಗಡಿಗೆ ಹೋದೆವು. ಗಾಜಿನ ಗೂಡಿನೊಳಗೆ ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ, ಆದರೂ ನಿಂತೆವು. ಅವಳ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು. ದೊಡ್ಡ ಊರಿನವರು ಒಬ್ಬರಿಂದ ಒಬ್ಬರಿಗೆ ಕೊಟ್ಟು, ಕೊನೆಗೆ ಸಂಗೀತ ಹಾಕಿ, ಕಟ್ ಮಾಡಿದರು. ಹಿಮದ ಊರಿನಲ್ಲಿ ಒಬ್ಬ ಹೆಂಗಸು ಎತ್ತಿದಳು. ಇವತ್ತು ರಜೆ, ನಾಳೆ ಮಾಡಿ, ಅಷ್ಟೇ. ಇಟ್ಟುಬಿಟ್ಟಳು.

“ಅರ್ಥ ಆಯ್ತಾ?” ಅಂತ ಕೇಳಿದೆ.

“ಆಯ್ತು. ಆದ್ರೆ ಮೂರು ಮಾತಿಗೆ ಬಾಯಿ ಹೇಗಿದೆ ಅಂತ ಗೊತ್ತಾಗಲ್ಲ ಅಕ್ಕ.”

ಮೂರನೆಯದಕ್ಕೆ ಒಬ್ಬ ಮುದುಕ ಎತ್ತಿದ, ಹಾಸ್ಟೆಲ್ಲಿನ ಕಾವಲುಗಾರ. ನನಗೂ ಅವನ ದನಿ ಕೇಳಿಸುತ್ತಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದ ದನಿಯೇ, ಸ್ವಲ್ಪ ವಯಸ್ಸಾದ ಹಾಗೆ. ನಿಧಾನ, ಬಿಡಿಬಿಡಿ. ಊಟ ಆಯಿತೇ ಅಂದನಂತೆ. ಎಲ್ಲಿಂದ ಮಾತಾಡುತ್ತಿದ್ದೀರಿ, ಅಷ್ಟು ದೂರದಿಂದ ನನಗೇ ಫೋನೇ, ತೆಳ್ಳಗಿನ ಬಟ್ಟೆ ತನ್ನಿ, ಛತ್ರಿ ಮರೆಯಬೇಡಿ ಅಂದನಂತೆ. ಇವಳು ನಗುತ್ತಾ ಉತ್ತರ ಕೊಡುತ್ತಿದ್ದಳು. ಕೊನೆಗೆ ಕೇಳಿದಳು, ಅಲ್ಲಿ ಎಲ್ಲರೂ ಹೀಗೇ ಮಾತಾಡುತ್ತಾರಾ ಅಂತ. ನನ್ನ ಜೊತೆ ಎಲ್ಲರೂ ಹೀಗೇ ಮಾತಾಡುತ್ತಾರೆ ಅಂದ ಅವನು.

ಗೂಡಿನಿಂದ ಹೊರಗೆ ಬಂದು ಬೆವರು ಒರೆಸಿಕೊಂಡು, “ಕೂತ್ಕೊಂತು ಅಕ್ಕ, ಸೆಟ್ಟು ಕೂತ್ಕೊಂತು” ಅಂದಳು. ದಾರಿಯುದ್ದಕ್ಕೂ ಆ ಮುದುಕನ ಹಾಗೆಯೇ ಮಾತಾಡಿ ತೋರಿಸಿದಳು. ಮನೆಗೆ ಹೋದವಳೇ ದಕ್ಷಿಣದ ಊರಿಗೆ ಗುರುತು ಹಾಕಿದಳು. ಮೈದುನ ಒಂದು ದಿನ ಮುಖ ಊದಿಸಿಕೊಂಡಿದ್ದ. ಅತ್ತೆಗೆ ಗೆದ್ದ ಖುಷಿ, ಛತ್ರಿ ತಾವೇ ಕೊಡಿಸಿದರು.

ಅವಳು ಹೋಗಿ ಎರಡು ವಾರಕ್ಕೆ ಮೊದಲ ಕಾಗದ ಬಂತು. ನನಗೆ ಓದಲು ಸುಲಭವಾಗಲಿ ಅಂತ ಅವಳು ಯಾವಾಗಲೂ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು. ಕಿಟಕಿಯ ಹತ್ತಿರ ಕೂತು ಕೂಡಿಸಿ ಕೂಡಿಸಿ ಓದಿದೆ. “ಅಕ್ಕ, ಮೋಸ ಹೋದೆ. ಯಾರೂ ಮೋಸ ಮಾಡಲಿಲ್ಲ, ನಾನೇ ಹೋದೆ. ಆ ಕಾವಲುಗಾರ ಈ ಊರಿನವನೇ ಅಲ್ಲ. ಉತ್ತರದವನು, ಅದೇ ಹಿಮದ ಊರಿನ ಕಡೆಯವನು. ನಲವತ್ತು ವರ್ಷದ ಹಿಂದೆ ರೈಲು ಕೆಲಸಕ್ಕೆ ಬಂದವನು ಇಲ್ಲೇ ಉಳಿದಿದ್ದಾನೆ. ಇವತ್ತಿಗೂ ಈ ಊರ ಮಾತು ಅವನಿಗೆ ಬರುವುದಿಲ್ಲ. ಅದಕ್ಕೇ ಹಾಸ್ಟೆಲ್ಲಿನವರೆಲ್ಲ ಅವನ ಜೊತೆ ಹಾಗೆ ಮಾತಾಡುತ್ತಾರೆ. ತರಗತಿಯಿಂದ ಗಲ್ಲಿಗೆ ಕಾಲಿಟ್ಟರೆ ನನಗೆ ಒಂದಕ್ಷರ ತಿಳಿಯುವುದಿಲ್ಲ. ಸೋಪು ಕೊಳ್ಳಲು ಬೆರಳು ತೋರಿಸುತ್ತೇನೆ. ಏಳು ವರ್ಷ ಕಲಿತವಳು ಮೂಗಿಯಾಗಿದ್ದೇನೆ.”

ಒಂದೇ ಬಾಯಿ ನೋಡಿ ಊರಿಗೇ ಹಲ್ಲು ಕಟ್ಟಿದ್ದಳು ನಮ್ಮ ಹುಡುಗಿ. ಬೇರೆ ಯಾರಾದರೂ ಆಗಿದ್ದರೆ ಮೇಡಂ ಮಾತು ಕೇಳಿ ಸುಮ್ಮನೆ ಹಿಮದ ಊರಿಗೆ ಹೋಗಿರುತ್ತಿದ್ದರು.

ಮುಂದಿನ ಭಾನುವಾರ ಬೀಗದ ಅಂಗಡಿಗೆ ಅವಳ ಫೋನ್ ಬಂತು. ಅಂಗಡಿಯವನು ಕೂಗಿದ, ಚಪ್ಪಲಿ ಕೂಡ ಹಾಕದೆ ಓಡಿದೆ. ಊರು ಬದಲಾಯಿಸಲು ಮೊದಲ ತಿಂಗಳಲ್ಲಿ ಅವಕಾಶವಿದೆ, ಹಿಮದ ಊರಿನಲ್ಲಿ ಒಂದು ಜಾಗ ಖಾಲಿಯಿದೆ, ಶುಕ್ರವಾರದೊಳಗೆ ಹೇಳಬೇಕು ಅಂದಳು. ಆಮೇಲೆ ಕೇಳಿದಳು, “ಅಕ್ಕ, ನೀನು ಈ ಮನೆಗೆ ಬಂದಾಗ ನಿನ್ನ ಮಾತೇ ಬೇರೆ ಇತ್ತಂತಲ್ಲ. ಎಲ್ಲ ನಗೋರಂತೆ. ಹೇಗೆ ಕಲಿತೆ?”

“ನನಗೆ ವಾಪಸ್ ಹೋಗೋ ದಾರಿ ಇರಲಿಲ್ಲ, ಕಲಿತೆ. ನಿನಗೆ ದಾರಿ ಇದೆಯಲ್ಲ. ಬದಲಾಯಿಸು.”

“ಅಷ್ಟೇನಾ?”

“ಅಷ್ಟೇ. ಹಟ ಮಾಡ್ಬೇಡ. ಆ ದುಭಾಷಿ ಕೆಲಸ ನಿನ್ನ ಎದೆಗೆ ಬೇಕು.”

“ಹೂಂ” ಅಂದಳು. ಫೋನ್ ಇಟ್ಟಳು. ಬದಲಾಯಿಸುತ್ತಾಳೆ ಅಂತಲೇ ನಾನು ಅಂದುಕೊಂಡೆ. ಉಣ್ಣೆಯ ಒಂದು ಒಳಅಂಗಿ ಕತ್ತರಿಸಿ ಹೊಲಿಯುವುದಕ್ಕೂ ಶುರು ಮಾಡಿದೆ.

ಅದು ಅರ್ಧ ಮುಗಿದಾಗ ಇನ್ನೊಂದು ಕಾಗದ ಬಂತು. ಬದಲಾಯಿಸಲಿಲ್ಲ ಅಕ್ಕ, ಬೈಯಬೇಡ, ಅಂತಲೇ ಶುರು. ಗುರುವಾರ ಸಂಜೆ, ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೇ ಗಲ್ಲಿಯಲ್ಲಿ ನಡೆಯುತ್ತಿದ್ದಳಂತೆ. ಒಂದು ಕಿಟಕಿಯ ಹತ್ತಿರ ಗೊತ್ತಿರುವ ವಾಸನೆ ಬಂತು, ಕಾದ ಮೇಣದ್ದು. ಇಣುಕಿದರೆ ಒಂದು ಸಣ್ಣ ಕೋಣೆ, ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಪ್ಲಾಸ್ಟರ್ ದವಡೆಗಳು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ದೀಪದ ಕೆಳಗೆ ಹಲ್ಲು ಜೋಡಿಸುತ್ತಿದ್ದಳು. ಇವಳು ಒಳಗೆ ಹೋಗಿ ಪಕ್ಕದ ಮಣೆಯ ಮೇಲೆ ಕೂತೇಬಿಟ್ಟಳು. ಅಜ್ಜಿ ಏನೋ ಕೇಳಿದಳು, ಇವಳಿಗೆ ತಿಳಿಯಲಿಲ್ಲ. ಬೆಂಚಿನ ಮೇಲಿದ್ದ ಚಾಕು ತೆಗೆದುಕೊಂಡು, ಒಂದು ಮೇಣದ ಸೆಟ್ಟನ್ನು ಕೈಗೆತ್ತಿಕೊಂಡು, ಹಿಂದಿನ ಹಲ್ಲಿನ ಬುಡ ಸ್ವಲ್ಪ ಕೆರೆದಳು. ಅಜ್ಜಿ ಅವಳ ಕೈಗೆ ಫಟಾರನೆ ಒಂದು ಬಾರಿಸಿ ಬೈದಳು.

ಅವಳು ಬರೆದದ್ದು ನನಗೆ ಬಾಯಿಪಾಠ ಇದೆ. “ಅಕ್ಕ, ಆ ಬೈಗುಳ ಪೂರ್ತಿ ಅರ್ಥವಾಯಿತು. ಹಲ್ಲು ಎತ್ತರವಾಗಿಲ್ಲ ಕಣೇ, ಈ ಮನುಷ್ಯನ ದವಡೆಯೇ ಸೊಟ್ಟ, ನೋಡದೆ ಕೆರೆಯುತ್ತೀಯಲ್ಲ ಅಂತ. ನಮ್ಮ ಧಣಿಯೂ ಅದನ್ನೇ ಹೇಳುತ್ತಿದ್ದರು. ಆ ಜಾಗದಲ್ಲಿ ಬೇರೆ ಯಾವ ಮಾತೂ ಬರುವುದಕ್ಕೆ ಸಾಧ್ಯವಿಲ್ಲ. ಈ ಊರಿಗೆ ಬಂದ ಮೇಲೆ ನಾನು ತಿಳಿದುಕೊಂಡ ಮೊದಲ ಮಾತು ಅದು. ಅದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ.”

ಅವತ್ತು ಅವಳ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಕಾಗದ ಮಡಿಸಿ ಡಬ್ಬಿಯಲ್ಲಿಟ್ಟು, ಉಣ್ಣೆಯ ಒಳಅಂಗಿಯನ್ನು ಅತ್ತೆಗೆ ಕೊಟ್ಟೆ. ಅವರಿಗೆ ದೊಡ್ಡದಾಯಿತು.

ಆಮೇಲಿನ ಕಾಗದಗಳಲ್ಲೆಲ್ಲ ಆ ಹಲ್ಲಜ್ಜಿಯದೇ ಸುದ್ದಿ. ಬೆಳಿಗ್ಗೆ ತರಗತಿ, ಸಂಜೆ ಮಣೆ. ಮೊದಲು ಬೈಗುಳ ಬಂತು, ಆಮೇಲೆ ಸಾಮಾನಿನ ಹೆಸರು, ಆಮೇಲೆ ಹಲ್ಲು ಕಟ್ಟಿಸಲು ಬಂದವರ ಚಾಡಿ. ಸೊಸೆಯ ಮೇಲೆ ದೂರು ಹೇಳುವ ಮುದುಕರ ಬಾಯಿಗೆ ಮೇಣ ಇಟ್ಟು, ಇನ್ನೊಂದು ಸಲ ಹೇಳಿ ಅಂತ ಮಾತಾಡಿಸುವುದು ಇವಳ ಕೆಲಸ. ಮೇಣ ಕೂರುವವರೆಗೆ ಅವರು ಮೊದಲಿನಿಂದ ಹೇಳಬೇಕು. ಒಂದೇ ದೂರನ್ನು ಐದೈದು ಸಲ ಕೇಳಿದರೆ ಯಾವ ಭಾಷೆ ತಾನೇ ಬರುವುದಿಲ್ಲ ಅಂತ ಬರೆದಿದ್ದಳು. ಆರು ತಿಂಗಳಿಗೆ ಗಲ್ಲಿಯವರು ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದರಂತೆ.

ವರ್ಷ ತುಂಬಿತು. ಪರೀಕ್ಷೆ ಬರೆದು ಬಂದಳು. ಓದು, ಬರಹ ಎರಡರಲ್ಲೂ ಒಳ್ಳೆ ಅಂಕ. ಕೇಳಿ ಉತ್ತರಿಸುವುದರಲ್ಲಿ ಬಿದ್ದುಬಿಟ್ಟಳು, ಕಿವಿಗೆ ಗಲ್ಲಿಯ ಮಾತು ಹತ್ತಿಹೋಗಿತ್ತಲ್ಲ. ಸಿಕ್ಕಿದ್ದು ಕೆಳಗಿನ ದರ್ಜೆಯ ಪ್ರಮಾಣಪತ್ರ. ಕಂಪನಿಯವರು ಅದನ್ನು ನೋಡಿ ಗೌರವದಿಂದಲೇ ವಾಪಸ್ ಕೊಟ್ಟರು. ಆ ಕೆಲಸ ಹಿಮದ ಊರಿನಲ್ಲಿ ಓದಿ ಬಂದ ಒಬ್ಬನಿಗೆ ಹೋಯಿತು.

ಆ ಸಂಜೆ ಅವಳು ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತಳು. ನಾನು ಹೇಳಿರಲಿಲ್ಲವೇ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೈದುನ ಹೊರಗೆ ಬಂದ. ಅವನೇನು ಚುಚ್ಚುತ್ತಾನೋ ಅಂತ ನಾನು ಕಾದೆ. ಅವನು ಟವೆಲ್ ಕೊಟ್ಟು, “ಮೂಗು ಒರೆಸ್ಕೋ. ಟಿಕೆಟ್ ತಗೊಂಡೋಳು ನೀನು, ಬಸ್ಸು ಬೇರೆ ಕಡೆ ಹೋದ್ರೂ ಪ್ರಯಾಣ ಮಾಡಿದೀಯಲ್ಲ” ಅಂದ. ಅವನ ಜೀವಮಾನದಲ್ಲಿ ಅಂಥ ಮಾತು ಇನ್ನೊಂದು ಆಡಿದ್ದು ನನಗೆ ನೆನಪಿಲ್ಲ.

“ಆ ವರ್ಷ ಹಾಳಾಯ್ತು ಅನ್ಸುತ್ತಾ?” ಅಂತ ಬಹಳ ದಿನ ಬಿಟ್ಟು ನಾನು ಕೇಳಿದೆ.

“ಕೆಲಸ ಹೋಯ್ತು, ಅದು ನಿಜ. ನೆನಪಾದಾಗ ಹೊಟ್ಟೆ ಉರಿಯುತ್ತೆ” ಅಂದಳು. “ವರ್ಷ ಹಾಳಾಗಿಲ್ಲ ಅಕ್ಕ” ಅಂತಲೂ ಅಂದಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು.

ಮತ್ತೆ ಅದೇ ಬೆಂಚಿಗೆ ಹೋದಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಹಲ್ಲಜ್ಜಿಗೆ ಕಾಗದ ಬರೆಯುವಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಹಾಸ್ಟೆಲ್ಲಿನ ಕಾವಲುಗಾರ ಹೋಗಿ ಓದಿಹೇಳುತ್ತಿದ್ದನಂತೆ, ಅವನ ಉಚ್ಚಾರಕ್ಕೆ ಅಜ್ಜಿ ಬೈಯುತ್ತಿದ್ದಳಂತೆ. ಭಾನುವಾರ ನಮ್ಮ ಜಗುಲಿಯಲ್ಲಿ ಐದಾರು ಜನಕ್ಕೆ ಚೀನೀ ಹೇಳಿಕೊಡಲು ಶುರು ಮಾಡಿದಳು. ನಾನು ಚಹಾ ಕೊಡುತ್ತಿದ್ದೆ. ಆ ಭಾನುವಾರಗಳು ಹದಿನೆಂಟು ವರ್ಷ ನಡೆದವು. ಈ ಮನೆಯಲ್ಲಿ ಅಷ್ಟು ನಗು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ಕಲಿತವರಲ್ಲಿ ಯಾರಾದರೂ ಅಲ್ಲಿಗೆ ಓದಲು ಹೊರಟು, ಯಾವ ಊರು ಒಳ್ಳೆಯದು ಅಂತ ಕೇಳಿದರೆ ಅವಳು ಊರಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅಲ್ಲಿ ನಾಲ್ಕು ಗಂಟೆಗೆ ಪಾಠ ಮುಗಿದ ಮೇಲೆ ಯಾರ ಪಕ್ಕ ಕೂತ್ಕೋತೀಯ, ಅದನ್ನ ಹೇಳು ಮೊದಲು ಅನ್ನುವಳು. ಅವರು ತಬ್ಬಿಬ್ಬಾಗುವರು.

ಅವಳು ಹೋಗಿ ನಾಲ್ಕು ವರ್ಷವಾಯಿತು. ಎದೆಯೇ ಕಾರಣ. ನಮ್ಮ ಯಜಮಾನರು, ಅತ್ತೆ ಇಬ್ಬರೂ ಅದಕ್ಕೂ ಮೊದಲೇ ಹೋದರು. ಮೈದುನ ಈಗ ಜಗುಲಿಯಲ್ಲಿ ಕೂತು ದಿನಪತ್ರಿಕೆ ಓದುತ್ತಾನೆ, ಕಿವಿ ಮಂದ.

ಹೋದ ತಿಂಗಳು ಒಬ್ಬಳು ಹುಡುಗಿ ವಿಳಾಸ ಹುಡುಕಿಕೊಂಡು ಬಂದಳು. ಹಲ್ಲಿನಮ್ಮ ಇಲ್ಲ ಅಂತ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ದೂರ ಬಂದವಳನ್ನು ಹಾಗೇ ಕಳಿಸಬಾರದು ಅಂತ ಒಳಗೆ ಕರೆದು ಕೂರಿಸಿದೆ. ಕೈಯಲ್ಲಿದ್ದ ಫೋನಿನಲ್ಲಿ ಚೀನಾದ ನಾಲ್ಕು ವಿಶ್ವವಿದ್ಯಾಲಯಗಳ ಚಿತ್ರ ತೋರಿಸಿದಳು. ಎಲ್ಲವೂ ಒಂದೇ ಥರ, ಹುಲ್ಲುಹಾಸು, ಎತ್ತರದ ಕಟ್ಟಡ.

“ಅವರಿದ್ದಿದ್ರೆ ಯಾವುದು ಅಂತಿದ್ರು ಅಜ್ಜಿ?”

“ನನಗೆ ಚೀನೀ ಭಾಷೆಯ ಒಂದಕ್ಷರ ಬರಲ್ಲಮ್ಮ. ನೀನೇನು ಕೆಲಸ ಮಾಡ್ಕೊಂಡಿದೀಯ?”

“ಪಾರ್ಲರಲ್ಲಿದೀನಿ. ಕೂದಲು ಕತ್ತರಿಸ್ತೀನಿ, ಜಡೆ ಹಾಕ್ತೀನಿ.”

“ಹಾಗಾದ್ರೆ ಆ ನಾಲ್ಕೂ ಕಡೆ ಕೇಳು, ಹಾಸ್ಟೆಲ್ಲಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಕೂದಲು ಕತ್ತರಿಸೋ ಅಂಗಡಿ ಯಾವ ಊರಲ್ಲಿದೆ ಅಂತ. ದೊಡ್ಡದಲ್ಲ, ಮುದುಕಿಯರು ಬಂದು ಹರಟೆ ಹೊಡೆಯೋಂಥದ್ದು.”

ಹುಡುಗಿ ನಕ್ಕಳು. ನಾನು ನಗಲಿಲ್ಲ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಚೀಲದಿಂದ ಪೆನ್ನು ತೆಗೆದು, ಅಂಗೈ ಮೇಲೆ ಅದನ್ನು ಬರೆದುಕೊಂಡಳು.